ರೇವವ್ವನ ಸೊಸಿ

"ಬಾಜೂ ಸರೀರಿ, ಎಲ್ಲಾರೂ ಬಾಜೂ ಸರೀರಿ! ರೇವವ್ವನ ಸೊಸಿ ಬಂದ್ಲು!"

ಗಿರಣಿಯ ಹನಮಪ್ಪ ಇಷ್ಟು ಹೇಳುವುದಕ್ಕೆ ಎಂಜಿನ್ನಿಗಿಂತ ಎತ್ತರದ ದನಿ ತೆಗೆದ. ಪಾಳಿ ಹಿಡಿದು ಕುಳಿತಿದ್ದ ಹೆಂಗಸರು ಒಮ್ಮೆಲೇ ಹೊರಳಿ ನೋಡಿದರು. ಬಾಗಿಲಲ್ಲಿ ಮಡಿವಾಳೆಪ್ಪ ನಿಂತಿದ್ದ. ತಲೆಯ ಮೇಲೆ ಜೋಳದ ಬುಟ್ಟಿ, ಅದರೊಳಗೆ ಬೇರೆ ಗಂಟು ಕಟ್ಟಿದ ಅಕ್ಕಿ. ಇಪ್ಪತ್ತೆರಡರ ಗಂಡಸು, ಮೀಸೆ ಬಂದಿದೆ, ಎತ್ತು ಹೂಡಿದರೆ ಮಧ್ಯಾಹ್ನದವರೆಗೆ ನಿಲ್ಲಿಸದ ರಟ್ಟೆ.

"ಸೆರಗ ಸರಿ ಮಾಡ್ಕೊಳ್ಳವಾ, ಹಿಟ್ಟ ಹಾರತೈತಿ," ಎಂದ ಹನಮಪ್ಪ. ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಉಳಿದವರಿಗೆ ಅಷ್ಟೂ ಮರ್ಯಾದೆ ಇರಲಿಲ್ಲ, ಬಾಯಿಬಿಟ್ಟೇ ನಕ್ಕರು.

ಮಡಿವಾಳೆಪ್ಪನ ಮುಷ್ಟಿ ಬಿಗಿಯಿತು. ಹೋದ ವರ್ಷ ಇದೇ ಮಾತಿಗೆ ಒಬ್ಬನ ಹಲ್ಲು ಉದುರಿಸಿದ್ದ. ಆ ವಾರ ಅವನನ್ನು ನೋಡಲು ಬರಬೇಕಿದ್ದವರು, ಹುಡುಗ ಹೊಡೆದಾಟದವನಂತೆ ಎಂದು ದಾರಿಯಿಂದಲೇ ತಿರುಗಿ ಹೋಗಿದ್ದರು. ಈ ಸಲ ಹಾಗಾಗಬಾರದು. ಬುಟ್ಟಿ ಇಳಿಸಿ, ಗೋಡೆ ನೋಡುತ್ತ ನಿಂತ.

"ನಾಳಿ ಮಿಶ್ರಿಕೋಟಿಂದ ಬೀಗರ ಬರತಾರಂತಲ್ಲೋ?" ಹನಮಪ್ಪ ಬಿಡಲಿಲ್ಲ. "ಬಸ್ ನಮ್ಮ ಗಿರಣಿ ಮುಂದನ ನಿಲ್ಲತೈತಿ. ವರಾ ನೋಡಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ ಅಂತ ನಾನ ಕೇಳತೀನಿ ತಗೋ."

ಮಡಿವಾಳೆಪ್ಪ ಬಿಸಿ ಹಿಟ್ಟು ತುಂಬಿಕೊಂಡು ಮನೆಗೆ ಬಂದ. ಬಾಗಿಲು ಹಾಕಿ ಚಿಲಕ ಏರಿಸಿದ ಮೇಲೆ ಗೋಡೆಗೆ ಗುದ್ದಿದ. ಮಣ್ಣು ಉದುರಿತು. ಹಗ್ಗದ ಹೊರಸಿನ ಮೇಲೆ ಮಲಗಿದ್ದ ಅವ್ವ ಏನೋ ಅಂದಳು.

"ಏನಿಲ್ಲ ಸುಮ್ನಿರಬೇ," ಎಂದ.

ಅವನು ಏಳನೆಯ ಇಯತ್ತೆಯಲ್ಲಿದ್ದಾಗ, ಮುಲ್ಕಿ ಪರೀಕ್ಷೆಗೆ ಇನ್ನೇನು ಕೂಡಬೇಕು ಅನ್ನುವಷ್ಟರಲ್ಲಿ, ರೇವವ್ವ ಸಗಣಿ ಬಾಚುತ್ತ ಬಾಚುತ್ತ ಮಗ್ಗುಲಿಗೆ ಬಿದ್ದಿದ್ದಳು. ಲಕ್ವಾ. ಬಲಗೈ, ಬಲಗಾಲು, ಅರ್ಧ ಬಾಯಿ ಹೋದವು. ಅಪ್ಪ ಮೊದಲೇ ತೀರಿಕೊಂಡಿದ್ದ, ಅಕ್ಕತಂಗಿಯರಿಲ್ಲ. ಒಂದು ವಾರ ಓಣಿಯವರು ರೊಟ್ಟಿ ಕೊಟ್ಟರು. ಎರಡನೆಯ ವಾರ ಪಲ್ಯ ಮಾತ್ರ ಬಂತು. ಆಮೇಲೆ ಹುಡುಗನೇ ಒಲೆಯ ಮುಂದೆ ಕುಳಿತ. ಅವ್ವ ಮಲಗಿದಲ್ಲಿಂದಲೇ ಎಡಗೈ ಆಡಿಸಿ, ಉಳಿದ ಅರ್ಧ ನಾಲಗೆಯಿಂದ ಹೇಳಿಕೊಟ್ಟಳು. ಊರಿಗೆ ಅದು ಬರೀ ಗೊರಗೊರ ಸದ್ದು. ಅವನೊಬ್ಬನಿಗೆ ಮಾತು.

ಮಾಡುವುದನ್ನೆಲ್ಲ ಕದ್ದು ಮಾಡುತ್ತಿದ್ದ. ಮಜ್ಜಿಗೆ ಕಡೆಯುವ ಸಪ್ಪಳ ಓಣಿಗೆ ಕೇಳಬಾರದೆಂದು ಕಡಗೋಲಿನ ಹಗ್ಗಕ್ಕೆ ನೀರು ಹನಿಸುತ್ತಿದ್ದ. ಅವ್ವನ ಸೀರೆಗಳನ್ನು ಹಳ್ಳದ ತಿರುವಿನಲ್ಲಿ, ಜಾಲಿಯ ಮರೆಗೆ ಒಗೆಯುತ್ತಿದ್ದ. ಆದರೂ ಊರಿಗೆ ಕಣ್ಣಿದ್ದವು. ಹೆಸರಿಟ್ಟರು. ಸಿಟ್ಟು ಊರಿನ ಮೇಲೆ ಮಾತ್ರ ಇತ್ತೆಂದರೆ ಸುಳ್ಳಾಗುತ್ತದೆ. ಕೆಲವು ದಿನ ಅವ್ವನನ್ನು ಮಗ್ಗಲು ಹೊರಳಿಸುವಾಗ ಕೈ ಒರಟಾಗುತ್ತಿತ್ತು. ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದು ಅವನಿಗೂ ತಿಳಿಯುತ್ತಿತ್ತು.

ಮದುವೆಯೊಂದು ಆಗದಿದ್ದರೆ ಈ ಒಲೆಯ ಮುಂದೆಯೇ ತನ್ನ ಮೀಸೆ ಹಣ್ಣಾಗುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಬಂದವರೇನು ಕಡಿಮೆಯಿರಲಿಲ್ಲ. ಆದರೆ ಆ ಕಡೆಯ ರೂಢಿಯೊಂದಿದೆ. ನೋಡಲು ಬಂದವರು ಸಂಬಂಧ ಒಪ್ಪುವವರೆಗೆ ಆ ಮನೆಯ ಉಪ್ಪು ಮುಟ್ಟುವುದಿಲ್ಲ. ಚಹಾ ಕುಡಿದಾರು, ಎಲೆ ಅಡಿಕೆ ಹಾಕಿಕೊಂಡಾರು. ಉಪ್ಪಿನ ಪದಾರ್ಥ ಬಾಯಿಗಿಟ್ಟರೆ ಮಾತು ಒಪ್ಪಿದ ಹಾಗೆ. ಈ ಮನೆಗೆ ಬಂದವರೆಲ್ಲ ಹೊರಸಿನ ಕಡೆ ಒಮ್ಮೆ ನೋಡಿ, ಬಿಸಿ ಚಹಾವನ್ನೇ ಬಸಿಗೆ ಸುರಿದುಕೊಂಡು ಗಡಬಡಿಸಿ ಕುಡಿದು ಎದ್ದಿದ್ದರು.

ಈ ಸಲ ಹಂಚಿಕೆ ಹಾಕಿದವನು ಕಾಕಾ ಈರಪ್ಪ, ತೀರಿಹೋದ ಅಪ್ಪನ ತಮ್ಮ.

"ಮಜ್ಜಿಗಿ ದ್ವಾಸಿ ಮಾಡಲೇ. ನಿಮ್ಮವ್ವ ಮಾಡತಿದ್ಲಲ್ಲ, ಅಂಥಾವು. ವಾಸನಿಗೇ ಕೈ ತಾಟಿಗೆ ಹೋಗಬೇಕು," ಎಂದಿದ್ದ. "ಆದ್ರ ಮಾಡಿದಾಂವ ನೀ ಅಂತ ಗೊತ್ತಾಗಬಾರದು. ಎದುರ ಮನಿ ಗುರವ್ವ ನಿಮ್ಮ ಅತ್ತಿ ಆಗಬೇಕು, ಆಕೀನ ಮನಿ ನೋಡ್ಕೋತಾಳ ಅಂತ ಹೇಳೀನಿ. ಗಂಡಸ ಒಲಿ ಮುಂದ ಕುಂದರತಾನಂದ್ರ ಯಾರ ಹೆಣ್ಣ ಕೊಡತಾರಲೇ? ಬಂದ ಹುಡುಗಿ ಸೀರಿ ಉಡಬೇಕೋ ಧೋತರ ಉಡಬೇಕೋ?"

ಆಮೇಲೆ ಹೊರಸಿನ ಕಡೆ ತಿರುಗಿ, "ವೈನಿ, ನೀನೂ ಅಷ್ಟ. ಬಾಯಿ ಬಿಚ್ಚಬ್ಯಾಡ. ಬಿಚ್ಚಿದ್ರೂ ಯಾರಿಗಿ ತಿಳೀತೈತಿ, ಆ ಮಾತ ಬ್ಯಾರೆ," ಎಂದು ತಾನೇ ನಕ್ಕಿದ್ದ. ರೇವವ್ವ ಎಡಗೈ ಎತ್ತಿ ಆಗಲಿ ಎಂಬಂತೆ ಇಳಿಸಿದ್ದಳು.

ಗಿರಣಿಯ ಹಿಟ್ಟು ಆರಿದ ಮೇಲೆ ಮಡಿವಾಳೆಪ್ಪ ಕೊಡದಂಥ ಹರವಿಯಲ್ಲಿ ಹಾಕಿ ಹದ ಮಾಡಿದ. ಮೂರು ಪಾಲು ಜೋಳದ್ದು, ಒಂದು ಪಾಲು ಅಕ್ಕಿಯದು, ಚಿಟಿಕೆ ಮೆಂತ್ಯದ ಪುಡಿ, ಉಪ್ಪು. ಮೇಲೆ ಹುಳಿಗಟ್ಟಿದ ಎಮ್ಮೆ ಮಜ್ಜಿಗೆ ಸುರಿದು ಗಂಟಿಲ್ಲದಂತೆ ಕಲಸಿ, ಬೆರಳಿಗೆ ಹಚ್ಚಿ ಅವ್ವನ ನಾಲಗೆಯ ಎಡಬದಿಗೆ ಮುಟ್ಟಿಸಿದ. ಅವಳು ಕಣ್ಣು ಮುಚ್ಚಿ, ನುಂಗಿ, ಇನ್ನೊಂದು ತಂಬಿಗೆ ಹಾಕು ಅಂದಳು. ಹಾಕಿದ.

ಮುಂಜಾನೆ ನೋಡಿದರೆ ಹಿಟ್ಟು ಹರವಿಯ ಕಂಠದವರೆಗೆ ಉಬ್ಬಿ ನಿಂತಿತ್ತು. ಮಡಿವಾಳೆಪ್ಪ ಹಂಚು ಕಾಯಿಸಿ ಎಣ್ಣೆ ಸವರಿ ಮೊದಲ ದೋಸೆ ಹೊಯ್ದ. ಎದ್ದೇಳಲಿಲ್ಲ. ಸಟ್ಟುಗದಿಂದ ಎಬ್ಬಿಸಹೋದರೆ ಚಿಂದಿಯಾಯಿತು. ಎರಡನೆಯದೂ ಹಾಗೇ ಹಿಡಿದು ಕುಳಿತಿತು. ಮೂರನೆಯದು ಅರ್ಧ ಕೈಗೆ, ಅರ್ಧ ಹಂಚಿಗೆ. ಬಗ್ಗಿ ನೋಡಿದ. ಕನ್ನಡಿಯಂತಿದ್ದ ಹಂಚಿನ ಮೈಮೇಲೆ ಬೂದುಬಣ್ಣದ ಚಕ್ಕೆ ಎದ್ದಿತ್ತು.

"ಅತ್ತೀ! ಇದರ ಮ್ಯಾಲೆ ಏನ ಮಾಡೀರಿ?"

"ನೀ ಎಮ್ಮಿ ಹಿಂಡಾಕ ಹೋದಾಗ ನಾಕ ರೊಟ್ಟಿ ಬಡದ್ನಿ. ಬೀಗರ ಒಪ್ಪಿದ್ರ ಉಣ್ಣಾಕ ಬೇಕಲ್ಲ?" ಗುರವ್ವ ಬಾಗಿಲಿಂದ ಹೇಳಿದಳು. "ಹಂಚ ಹಂಚ ಅಲ್ಲೇನೋ? ಅದಕ್ಯಾಕ ಹಿಂಗ ಹೌಹಾರತಿ?"

ದೋಸೆಯ ಹಂಚಿನ ಮೇಲೆ ರೊಟ್ಟಿ ಸುಡಬಾರದು. ಒಂದೇ ಒಂದು ಸುಟ್ಟರೂ ಅದು ದೋಸೆಯನ್ನು ಬಿಟ್ಟುಕೊಡುವುದಿಲ್ಲ. ಇದು ಹೊರಸಿನ ಮೇಲೆ ಮಲಗಿದವಳಿಗೆ ಗೊತ್ತು, ಎದ್ದು ಓಡಾಡುವವಳಿಗೆ ಗೊತ್ತಿಲ್ಲ! ಮಡಿವಾಳೆಪ್ಪನ ಕಣ್ಣಿಗೆ ಕತ್ತಲು ಬಂತು. ಬಟ್ಟೆಯಲ್ಲಿ ಹಿಡಿದು ಹಂಚನ್ನೇ ಎತ್ತಿದ. ಹಿತ್ತಲ ಕಲ್ಲಿಗೆ ಒಗೆದು ಎರಡು ಮಾಡಿಬಿಡುತ್ತಿದ್ದ. ಆಗ ಅವ್ವ ಕೂಗಿದಳು.

ಅವಳು ಹಾಗೆ ಕೂಗಿದ್ದನ್ನು ಅವನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಹಂಚು ಇಳಿಸಿ ಹೋದ. ಅಲ್ಲಿಗೆ ಕರಕೊಂಡು ಹೋಗು, ನನಗೆ ಕಾಣಬೇಕು ಅಂದಳು. ಹೊರಸನ್ನು ಅವಳ ಸಮೇತ ಎಳೆದು ಅಡುಗೆಮನೆಯ ಹೊಸ್ತಿಲಿಗೆ ತಂದ. ಅಲ್ಲಿಂದ ಅವಳು ಒಂದೊಂದೇ ಹೇಳತೊಡಗಿದಳು. ತೊಳೆಯಬೇಡ. ಕೆಂಪಾಗುವ ತನಕ ಸುಡು. ಹರಳುಪ್ಪು ಹಾಕಿ ತಿಕ್ಕು. ಆರಲಿ. ಉಳ್ಳಾಗಡ್ಡಿ ಅರ್ಧಕ್ಕೆ ಕೊಯ್ಯಿ, ಎಣ್ಣೆಯಲ್ಲಿ ಅದ್ದು, ಒರೆಸು. ಮತ್ತೆ ಸುಡು. ಮತ್ತೆ ಒರೆಸು.

"ಬಸ್ಸಿನ ಹೊತ್ತಾತಬೇ!"

ಒರೆಸು ಅಂದಳು.

ಒರೆಸಿದ. ಹೊಗೆ ಕಣ್ಣಿಗೆ ಹೊಕ್ಕಿತು, ಬೆರಳು ಚುರುಗುಟ್ಟಿದವು. ಸಾಕು ಅನ್ನುತ್ತಾಳೇನೋ ಎಂದು ತಿರುಗಿ ನೋಡಿದಾಗೆಲ್ಲ ಅವಳ ಎಡಗೈ ಗಾಳಿಯಲ್ಲಿ ಸುತ್ತುತ್ತಿತ್ತು, ತಾನೇ ಒರೆಸುತ್ತಿರುವ ಹಾಗೆ. ಕೊನೆಗೊಮ್ಮೆ ಆ ಕೈ ನಿಂತಿತು. ಹೊಯ್ದ. ಚೊಂಯ್ ಎಂದು ಹಿಟ್ಟು ಹರಡಿ ಮೈತುಂಬ ಕಣ್ಣು ಬಿಟ್ಟಿತು, ಅಂಚು ತಾನಾಗಿಯೇ ಮೇಲೆದ್ದಿತು. ಹುಳಿ, ಜೋಳ, ಬಿಸಿ ಎಣ್ಣೆ ಎಲ್ಲ ಕೂಡಿದ ಆ ವಾಸನೆ ಮನೆ ದಾಟಿ ಓಣಿಗೆ ಹೋಯಿತು. ರೇವವ್ವ ಅರ್ಧ ಬಾಯಿಯಿಂದ ನಕ್ಕಳು. ಮಡಿವಾಳೆಪ್ಪನೂ ನಕ್ಕ. ನಕ್ಕು, ಅವಳ ಗಲ್ಲದ ಮೇಲಿನ ಜೊಲ್ಲನ್ನು ಮೆತ್ತಗೆ ಒರೆಸಿದ.

ಅಷ್ಟರಲ್ಲೇ ಬಸ್ಸಿನ ಹಾರ್ನು ಕೇಳಿತು. ಹೊರಸನ್ನು ಒಳಕೋಣೆಗೆ ಎಳೆಯಲು ಹೊತ್ತಿರಲಿಲ್ಲ. ಅದು ಹೊಸ್ತಿಲಲ್ಲೇ, ಪಡಸಾಲೆಗೆ ಎದುರಾಗಿ ಉಳಿಯಿತು.

ಬಂದವರು ಇಬ್ಬರು, ಹುಡುಗಿ ಕಸ್ತೂರೆವ್ವನ ತಂದೆ ಚನ್ನವೀರಪ್ಪ ಮತ್ತು ತಾಯಿ ಗೌರಕ್ಕ. ಕಾಕಾ ಗಿರಣಿಗೂ ಅವರಿಗೂ ನಡುವೆ ಗೋಡೆಯಾಗಿ, ಒಂದೇ ಸಮ ಮಾತಾಡುತ್ತ ಕರೆತಂದಿದ್ದ. ಮಡಿವಾಳೆಪ್ಪ ಬಿಳಿ ಅಂಗಿ ತೊಟ್ಟು ನಮಸ್ಕರಿಸಿದ. ಎಷ್ಟು ಕಲಿತಿದ್ದೀ, ಹೊಲ ಎಷ್ಟು ಎಂದು ಕೇಳಿದ್ದಕ್ಕೆಲ್ಲ ನೆಲ ನೋಡುತ್ತ ಉತ್ತರ ಕೊಟ್ಟ. ಗೌರಕ್ಕನ ಕಣ್ಣು ಮಾತ್ರ ಹೊರಸಿನ ಮೇಲಿತ್ತು.

"ಇವರದೆಲ್ಲಾ ಯಾರ ನೋಡ್ಕೋತಾರ್ರಿ?"

"ನಮ್ಮ ಗುರವ್ವ ಅದಾಳಲ್ರಿ. ಮನಿ ಅಂದ್ರ ಆಕೀದ," ಎಂದ ಕಾಕಾ. "ಹೋಗಲೇ ಮಡಿವಾಳಾ, ಎಮ್ಮಿಗೆ ನೀರ ತೋರಿಸಿ ಬಾ."

ಎಮ್ಮೆಗೆ ನೀರು ಎಂದರೆ ಹಿತ್ತಲಿಂದ ಸುತ್ತಿ ಒಲೆಗೆ ಹೋಗು ಎಂದರ್ಥ. ಹೋದ. ಹೊಯ್ದ. ಗುರವ್ವ ತಾಟು ಒಯ್ದಳು. ಗೋಡೆಗೆ ಕಿವಿ ಹಚ್ಚಿ ನಿಂತ. "ಚಹಾ ಅಷ್ಟ ಸಾಕಿತ್ತರಿ," ಎಂದು ಚನ್ನವೀರಪ್ಪ ಅಂದದ್ದು ಕೇಳಿತು. ಆಮೇಲೆ ಅಂಚು ಮುರಿದ ಸಣ್ಣ ಸಪ್ಪಳ. ಮುರಿದವಳು ಗೌರಕ್ಕ.

"ನೀವೂ ತಿನ್ರಿ. ನಮ್ಮವ್ವ ಹೋದಮ್ಯಾಲೆ ಇಂಥಾ ದ್ವಾಸಿ ಬಾಯಿಗಿ ಬಿದ್ದಿಲ್ಲ," ಎಂದಳು.

ಉಪ್ಪು ಮುಟ್ಟಿತು. ಮಡಿವಾಳೆಪ್ಪ ಅರ್ಧ ಉಳ್ಳಾಗಡ್ಡಿಯಿಂದ ಹಂಚು ಒರೆಸಿದ. ಇನ್ನೊಂದು, ಮತ್ತೊಂದು ಹೊಯ್ದ. ಗೌರಕ್ಕ ಬೇಡವೆನ್ನಲಿಲ್ಲ. "ಹುಡುಗನ್ನ ಕರೀರಿ, ಮಾತ ಪಕ್ಕಾ ಮಾಡಿಬಿಡೂಣು," ಎಂದು ಚನ್ನವೀರಪ್ಪ ಅನ್ನುವ ಹೊತ್ತಿಗೆ ಹಂಚಿನ ಮೇಲೆ ಆಗತಾನೇ ಹೊಯ್ದ ದೋಸೆಯಿತ್ತು. ಅದನ್ನು ಹಾಗೇ ಬಿಟ್ಟು, ಹಿತ್ತಲಿಂದ ಸುತ್ತಿ ಮುಂಬಾಗಿಲಿಗೆ ಓಡಿ ಬಂದ.

ಗೌರಕ್ಕ ಗುರವ್ವನ ಎರಡೂ ಕೈ ಹಿಡಿದುಕೊಂಡಿದ್ದಳು. "ಈ ಕೈ ಇರೂ ಮನಿಗೆ ನನ್ನ ಮಗಳನ್ನ ಕಣ್ಣಮುಚ್ಚಿ ಕೊಡತೀನ್ರಿ ಅಕ್ಕಾರ. ಎಲ್ಲಿ ಕಲತ್ರಿ ಇದನ್ನ?"

"ಏನೋ ಬಿಡ್ರಿ... ಮಾಡತ ಮಾಡತ ಬರತೈತಿ," ಎಂದು ಗುರವ್ವ ನಾಚಿಕೊಂಡಳು.

ಧಪ್ಪೆಂದು ಸದ್ದಾಯಿತು. ರೇವವ್ವನ ಎಡಗೈ ಹೊರಸಿನ ಪಟ್ಟಿಯ ಮೇಲೆ ಬಿದ್ದಿತ್ತು. ಅವಳ ಮುಖ ಕೆಂಪೇರಿತ್ತು. ಕತ್ತಿನ ನರ ಉಬ್ಬಿ, ಅರ್ಧ ಬಾಯಿಯಿಂದ ಆ ಗೊರಗೊರ ಹೊರಟಿತು.

"ಏನಂತಾರ್ರಿ?" ಗೌರಕ್ಕ ಬೆಚ್ಚಿ ಕೇಳಿದಳು.

"ನೀರ ಕೇಳತಾಳ, ಏನಿಲ್ರಿ," ಎಂದ ಕಾಕಾ.

ರೇವವ್ವ ತಲೆಯಾಡಿಸಿದಳು. ಮತ್ತೆ ಅದನ್ನೇ ಅಂದಳು. ಇನ್ನೂ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಾವಿಯಿಂದ ಎತ್ತಿದ ಹಾಗೆ ಎತ್ತಿ ಅಂದಳು. ನನ್ನ ಮಗ ಮಾಡ್ಯಾನ. ನಾ ಕಲಿಸೀನಿ. ನನ್ನ ಮಗ. ಅವಳ ಕಣ್ಣು ಬಾಗಿಲಲ್ಲಿ ನಿಂತ ಮಡಿವಾಳೆಪ್ಪನ ಮೇಲಿದ್ದವು. ಹೇಳು, ಇವರಿಗೆ ಹೇಳು.

ಎಲ್ಲರೂ ತಿರುಗಿ ಅವನನ್ನು ನೋಡಿದರು. ಕಾಕಾ ಹುಬ್ಬು ಗಂಟಿಕ್ಕಿ, ತುಟಿಯಲ್ಲೇ ನೀರು ನೀರು ಎಂದು ತೋರಿಸುತ್ತಿದ್ದ.

"ನೀನರ ಹೇಳಪಾ," ಎಂದಳು ಗೌರಕ್ಕ. "ಮಗಾ ಅದೀ, ಆಕೀ ಮಾತ ನಿನಗ ತಿಳೀತಿರಬೇಕಲ್ಲ. ಏನಂತಾಳ ನಿಮ್ಮವ್ವ?"

ಮಡಿವಾಳೆಪ್ಪ ಬಾಯಿ ತೆರೆದ. ಅಡುಗೆಮನೆಯಿಂದ ಸೀದ ವಾಸನೆಯ ಮೊದಲ ಎಳೆ ಬಂತು. ಗುರವ್ವನಿಗೆ ಅದು ತಿಳಿಯಲಿಲ್ಲ, ಅವಳ ಕೈ ಇನ್ನೂ ಗೌರಕ್ಕನ ಕೈಯಲ್ಲೇ ಇತ್ತು. ರೇವವ್ವನಿಗೆ ತಿಳಿಯಿತು. ಮೂಗು ಅರಳಿಸಿ ಒಲೆಯ ಕಡೆ ನೋಡಿದಳು, ಮತ್ತೆ ಮಗನ ಕಡೆ.

ಅವನು ತಿರುಗಿ ಮುಂಬಾಗಿಲ ಹೊಸ್ತಿಲು ಇಳಿದ.

"ಎಲ್ಲಿಗಲೇ? ಲೇ ಮಡಿವಾಳಾ!" ಕಾಕಾನ ದನಿ ಬೆನ್ನ ಹಿಂದೆ ಬಂತು. ಹೊರಸಿನ ಪಟ್ಟಿಯ ಮೇಲೆ ಕೈ ಬಡಿದ ಸದ್ದು ಇನ್ನೊಮ್ಮೆ ಬಂತು, ಮತ್ತೊಮ್ಮೆ. ಅವನು ನಡೆದ. ಓಣಿ ಮುಗಿಯಿತು. ಗಿರಣಿಯ ಕಟ್ಟೆಯ ಮೇಲೆ ಹನಮಪ್ಪ ಹಿಟ್ಟಿನ ಹುಬ್ಬು ಏರಿಸಿ ಕಾದು ಕುಳಿತಿದ್ದ.

"ಏನಲೇ ಸೊಸಿ, ದ್ವಾಸಿ ವಾಸನಿ ಇಲ್ಲೀಮಟ ಬಂತಲ್ಲ! ಉಂಡರೇನು ಬೀಗರು?"

ಮಡಿವಾಳೆಪ್ಪ ನಿಲ್ಲಲಿಲ್ಲ. ಅವನ ಬಲ ಮುಷ್ಟಿ ಬಿಗಿದೇ ಇತ್ತು. ಅದನ್ನು ನೋಡಿ ಹನಮಪ್ಪ ಕಟ್ಟೆಯ ಮೇಲೆಯೇ ಒಂದಿಷ್ಟು ಹಿಂದೆ ಸರಿದ. ಊರು ದಾಟಿ, ಹಳ್ಳದ ದಾರಿಗೆ ಬಿದ್ದ ಮೇಲೆ ಬೆರಳ ಸಂದಿಯಿಂದ ಏನೋ ಇಳಿಯುತ್ತಿರುವುದು ಅವನಿಗೆ ತಿಳಿಯಿತು. ಮುಷ್ಟಿ ಬಿಚ್ಚಿದ. ಒಳಗೆ ಅರ್ಧ ಉಳ್ಳಾಗಡ್ಡಿಯಿತ್ತು, ಕೊಯ್ದ ಮೈ ಕರ್ರಗೆ ಸುಟ್ಟು, ಎಣ್ಣೆ ಕುಡಿದು, ಇನ್ನೂ ಬೆಚ್ಚಗೆ.