ಎಂಟು ಕ್ಷಣ ತಡವಾದ ನಮಸ್ಕಾರ

ಅಪ್ಪ ಬರುತ್ತಾರೆಂದು ಗೊತ್ತಾದಾಗಿನಿಂದ ನನಗೆ ಅನ್ನ ಸೇರಿರಲಿಲ್ಲ. ನಮ್ಮೂರು ನೀಗಾತದಲ್ಲಿ ಮರದ ತೊಟ್ಟಿ ಮಾಡಿಕೊಂಡಿರುವ ಮನುಷ್ಯ. ಮಗಳು ಟೋಕಿಯೋದಲ್ಲಿ ಕ್ಯಾಮೆರಾ ಹಿಡಿದು ಏನು ಕಡಿದು ಕಟ್ಟೆ ಹಾಕಿದ್ದಾಳೆಂದು ಆರು ವರ್ಷದಲ್ಲಿ ಒಮ್ಮೆಯೂ ನೋಡಿದವರಲ್ಲ. ಈಗ ಮೆಚ್ಚದಿದ್ದರೆ ಇನ್ನೆಂದೂ ಬರುವವರೂ ಅಲ್ಲ.

ಟೋಕಿಯೋದ ಕಾಂದಾ ಬಡಾವಣೆಯ ಮಹಡಿ ಕೋಣೆಯೊಂದರಲ್ಲಿ ನಮ್ಮ ಪ್ರದರ್ಶನ. ನಾನೂ ಜೊತೆಗಾರನೂ ಎರಡು ವಿಡಿಯೋ ಯಂತ್ರಗಳನ್ನು ಒಂದು ಮಾರು ದೂರ ಇಟ್ಟಿದ್ದೆವು. ನಡುವೆ ಒಂದೇ ಟೇಪು ಹಗ್ಗದ ಹಾಗೆ ಬಿಗಿದುಕೊಂಡು ಓಡುತ್ತಿತ್ತು. ಮೊದಲನೆಯದು ಕ್ಯಾಮೆರಾ ಕಂಡದ್ದನ್ನು ಟೇಪಿಗೆ ಹಿಡಿಯುತ್ತಿತ್ತು, ಆ ಟೇಪು ತನ್ನನ್ನು ಮುಟ್ಟಿದ ಮೇಲೆ ಎರಡನೆಯದು ಅದನ್ನು ಟೀವಿಯಲ್ಲಿ ತೋರಿಸುತ್ತಿತ್ತು. ಟೀವಿಯ ಮುಂದೆ ನಿಂತವರಿಗೆ ಎಂಟು ಕ್ಷಣದ ಹಿಂದಿನ ತಮ್ಮದೇ ರೂಪ ಕಾಣುತ್ತಿತ್ತು.

"ಪತ್ರಿಕೆಯವರು ಬಂದಿದಾರೆ ಮಿತ್ಸುಯೊ, ಟೇಪಿನ ಮೇಲೆ ಕಣ್ಣಿಡು. ಹರಿದ್ರೆ ಬೇರೆ ಇಲ್ಲ," ಎಂದ ಜೊತೆಗಾರ ಕುರಾಮೊತೊ.

ಅಷ್ಟರಲ್ಲಿ ಅಪ್ಪ ಬಂದರು. ಕೈಯಲ್ಲಿ ಬಿದಿರೆಲೆ ಸುತ್ತಿದ ಅಕ್ಕಿ ಉಂಡೆಗಳ ಕಟ್ಟು. ಟೀವಿಯ ಪಕ್ಕ ನಿಂತಿದ್ದ ನಮಗೆಲ್ಲ ಸೊಂಟ ಬಾಗಿಸಿ ವಂದಿಸಿದರು. ತಲೆ ಎತ್ತಿ ಟೀವಿ ನೋಡುತ್ತಿದ್ದಂತೆ ಅದರೊಳಗಿನ ಮಸುಕು ಮುದುಕ ಅವರಿಗೇ ಬಾಗಿ ವಂದಿಸಿದ.

ಅಪ್ಪ ಗಡಿಬಿಡಿಯಿಂದ ಮರುವಂದನೆ ಮಾಡಿದರು. ಎಂಟು ಕ್ಷಣ ಕಳೆಯಿತು. ಅವನೂ ಮಾಡಿದ. ಅಪ್ಪ ಇನ್ನಷ್ಟು ಕೆಳಗೆ ಬಾಗಿದರು. ಅವನೂ ಬಾಗಿದ. ಯಾರೋ ಕಿಸಕ್ಕೆಂದರು, ಆಮೇಲೆ ಕೋಣೆಯೇ ನಕ್ಕಿತು. ಪತ್ರಿಕೆಯವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಪ್ಪ ನಿಲ್ಲಿಸುತ್ತಲೇ ಇಲ್ಲ. ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ನನ್ನಪ್ಪ ಇಲ್ಲಿ ಕೋತಿಯಾಗುತ್ತಿದ್ದಾರೆ ಅನ್ನಿಸಿ, ಟೇಪಿಗೆ ಕೈ ಹಾಕಿ ಹರಿದೇಬಿಟ್ಟೆ.

ಟೀವಿ ತುಂಬ ಬಿಳಿ ಚುಕ್ಕೆ. ನಗು ನಿಂತಿತು. ಕುರಾಮೊತೊ ತಲೆ ಹಿಡಿದುಕೊಂಡ.

ಅಪ್ಪನನ್ನು ಮೆಟ್ಟಿಲ ಬಳಿ ಎಳೆದುಕೊಂಡು ಹೋದೆ. "ಕ್ಷಮಿಸಪ್ಪಾ, ಅವರು ನಿನ್ನ ನೋಡಿ ಹಾಗೆ ನಗಬಾರದಿತ್ತು."

"ನಕ್ರೆ ಏನಾಯ್ತು? ನಗಲಿ ಅಂತಾನೇ ಬಗ್ಗಿದ್ದು!" ಅಪ್ಪನಿಗೆ ಇನ್ನೂ ಏದುಸಿರು. "ಮೊದಲ್ನೇ ಸಲ ಗಾಬರಿಯಾಯ್ತು, ನಿಜ. ಆಮೇಲೆ ನನ್ನ ಮುಖ ನಂಗೆ ಗೊತ್ತಾಗಲ್ವೇನೆ? ಒಳ್ಳೇ ಆಟ ಕಟ್ಟಿದೀಯ ಮಗಳೇ, ಸಾಯಂಕಾಲದವರೆಗೂ ಆಡ್ತಿದ್ದೆ."

ನನ್ನ ಬೆರಳಿಗೆ ಸುತ್ತಿಕೊಂಡಿದ್ದ ಟೇಪಿನ ತುಂಡನ್ನು ನೋಡಿದರು. ಧ್ವನಿ ಇಳಿಯಿತು.

"ಅಷ್ಟು ಜನರಲ್ಲಿ ನನ್ನಿಂದ ನಾಚಿಕೆ ಪಟ್ಟೋಳು ನೀನೊಬ್ಳೇ."