ಬಿಸಿಲಲ್ಲಿ ಏರಿದ ಹೊಳೆ

ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ-ಗೊಬ್ಬರದ ಅಂಗಡಿ ನಡೆಸುವ ರಮಾಬಾಯಿಗೆ ಹಾವು ಕಂಡರೆ ಅಂಜಿಕೆಯಿಲ್ಲ, ಜಗಳಗಂಟ ಗಿರಾಕಿ ಕಂಡರೆ ಮೊದಲೇ ಇಲ್ಲ. ನೀರು ಕಂಡರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಮಲಪ್ರಭೆಯ ದಂಡೆಯ ತವರೂರಿನಲ್ಲಿ ಎರಡು ಸಾವಿರದ ಒಂಬತ್ತರ ಮಹಾಪೂರಕ್ಕೆ ಸಿಕ್ಕು, ಸಾಲಿಯ ಮಾಳಿಗೆಯ ಮೇಲೆ ಎರಡು ದಿನ ಕೂತು ಬದುಕಿದವಳು ಆಕೆ. ಅಲ್ಲಿಂದೀಚೆ ಬಸ್ಸು ಹೊಳೆ ದಾಟುವಾಗಲೂ ಕಣ್ಣು ಮುಚ್ಚಿಕೊಂಡೇ ಕೂಡುತ್ತಿದ್ದಳು.

ಅಂಥವಳನ್ನು ಬೀಜದ ಕಂಪನಿಯೊಂದು, ಕಡಲೆ ಬೀಜ ಚೆನ್ನಾಗಿ ಮಾರಿದ್ದಕ್ಕೆ, ಬ್ಯಾಂಕಾಕ್ ಪ್ರವಾಸಕ್ಕೆ ಕಳಿಸಿತು. ಇಬ್ಬರಿಗೆ ಟಿಕೆಟ್. ಹಿಂಗಾರಿ ಬಿತ್ತಿಗೆಯ ಹೊತ್ತು, ಮಗ ಅಮರೇಶ ಅಂಗಡಿ ಬಿಡುವಂತಿರಲಿಲ್ಲ. ಸೊಸೆ ಮೇಘಾ ಜೊತೆಗೆ ಹೊರಟಳು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಅತ್ತೆ-ಸೊಸೆಯ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಮೂರನೆಯ ದಿನ, ಪ್ರವಾಸಕ್ಕೆ ಬಂದಿದ್ದ ಬೇರೆ ಅಂಗಡಿಯವರೆಲ್ಲ ಖರೀದಿಗೆ ಹೊರಟಾಗ ಮೇಘಾ ಅತ್ತೆಯ ಹತ್ತಿರ ಬಂದಳು.

"ಅತ್ಯಾರ, ಇಲ್ಲೇ ಮಗ್ಗಲ ನೊಂಥಬುರಿ ಅಂತ ಜಿಲ್ಲಾ ಐತ್ರಿ. ಅಲ್ಲಿ ಹೊಳಿ ನಡುವ ಒಂದು ನಡುಗಡ್ಡಿ, ಕುಂಬಾರ ಮಂದಿ ಇರ್ತಾರಂತ. ಗದ್ದಲ ಇಲ್ಲದ ಊರು. ಹೋಗೂಣೇನ್ರಿ?"

"ಹೊಳಿ ನಡುವನ?" ಅಂದಳು ರಮಾಬಾಯಿ. ಅಂಜಿಕೆ ಆಗತೈತಿ ಅನ್ನುವ ಮಾತು ಗಂಟಲಿಗೆ ಬಂದಿತ್ತು. ಸೊಸೆಯ ಮುಂದೆ ಹೇಗೆ ಹೇಳುವುದು? "ಹೋಗೂಣ ತಗೋ," ಅಂದುಬಿಟ್ಟಳು.

ನಡುಗಡ್ಡೆಗೆ ದಾಟಿಸುವ ದೋಣಿಯಲ್ಲಿ ಆಕೆ ಕಂಬ ಹಿಡಿದು, ಕಣ್ಣು ಮುಚ್ಚಿ ನಿಂತಳು. ದಂಡೆಗೆ ಹತ್ತಿದ ಮೇಲೆ ಜೀವ ಬಂತು. ಊರು ನಿಜವಾಗಿಯೂ ತಣ್ಣಗಿತ್ತು. ಮೋಟಾರುಗಳಿಲ್ಲ. ಕಂಬದ ಮೇಲೆ ಕಟ್ಟಿದ ಕಟ್ಟಿಗೆಯ ಮನೆಗಳು, ಅವುಗಳ ನಡುವೆ ಹಾಯುವ ಸಣ್ಣ ಸಿಮೆಂಟಿನ ಹಾದಿ, ಬಾಗಿಲ ಮುಂದೆ ಬೋರಲು ಹಾಕಿದ ಕೆಂಪು ಗಡಿಗೆಗಳು. ಮೇಘಾ ಹತ್ತು ಹೆಜ್ಜೆಗೊಮ್ಮೆ ನಿಂತು ಫೋಟೋ ತೆಗೆಯುತ್ತಿದ್ದಳು. ರಮಾಬಾಯಿಗೆ ಬೇಸರವಾಗಿ ಮುಂದೆ ನಡೆದಳು. ಹೊರಳಿ ನೋಡಿದಾಗ ಸೊಸೆ ಇರಲಿಲ್ಲ.

ಬರುತ್ತಾಳೆಂದು ಒಂದು ಕಟ್ಟೆಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅಂಗಾಲು ತಣ್ಣಗಾಯಿತು. ನೋಡಿದರೆ ಹಾದಿಯ ಬಿರುಕಿನಿಂದ ನೀರು ಒಸರುತ್ತಿತ್ತು.

ಆಕೆ ಆಕಾಶ ನೋಡಿದಳು. ಮೋಡದ ಚೂರಿಲ್ಲ, ಹಪ್ಪಳ ಒಣಗಿಸುವಂಥ ಬಿಸಿಲು. ಮಲಪ್ರಭೆ ಬಂದಾಗ ಗುಡುಗಿತ್ತು, ದನ ಕೂಗಿದ್ದವು, ಊರಿಗೆ ಊರೇ ಓಡಿತ್ತು. ಇಲ್ಲಿ ಸಪ್ಪಳವೇ ಇಲ್ಲ. ಎದುರು ಮನೆಯ ಮುದುಕಿ ಹೊಸ್ತಿಲ ಬಳಿಯ ಚಪ್ಪಲಿಗಳನ್ನು ಎತ್ತಿ ಹಲಗೆಯ ಮೇಲಿಟ್ಟು, ರಮಾಬಾಯಿಯನ್ನು ನೋಡಿ ನಕ್ಕು ಒಳಗೆ ಹೋದಳು. ಆ ನಗೆ ನೋಡಿ ರಮಾಬಾಯಿ ಕಟ್ಟೆಯಿಂದ ಎದ್ದೇಬಿಟ್ಟಳು.

"ಮೇಘಾ!" ಎಂದು ಕೂಗುತ್ತ ಬಂದ ಹಾದಿಗೇ ಹೊರಳಿದಳು. ಫೋನು ಮಾಡೋಣವೆಂದರೆ ತನ್ನದಕ್ಕೆ ಈ ದೇಶದ ಸಿಮ್ ಇರಲಿಲ್ಲ. ನೀರು ಹಿಮ್ಮಡಕ್ಕೆ ಬಂತು, ಮೀನಖಂಡಕ್ಕೆ ಬಂತು. ಹಾದಿ ಎಲ್ಲಿ ಮುಗಿದು ಹೊಳೆ ಎಲ್ಲಿ ಸುರುವಾಗುತ್ತದೋ ಕಾಣದಾಯಿತು. ಗೋಡೆ, ಬೇಲಿ ಸಿಕ್ಕಿದ್ದನ್ನು ಹಿಡಿದು ಹೆಜ್ಜೆಯಿಡುತ್ತಿದ್ದಾಗ ಕೇಳಿಸಿತು, ಸೀಳಿದ ದನಿ: "ಅತ್ಯಾರ! ಇಲ್ಲೇ ಅದೀನ್ರಿ!"

ಗಡಿಗೆ ಸುಡುವ ಹಳೆಯ ಇಟ್ಟಿಗೆಯ ಆವಿಗೆಯ ಹಿಂದೆ ಹೊಳೆಯೊಳಗೆ ಚಾಚಿದ್ದ ಹಲಗೆಗಳ ದಾರಿ. ಫೋಟೋಕ್ಕೆಂದು ಅದರ ಮೇಲೆ ಹೋದ ಮೇಘಾಳ ಕಾಲು, ಕೊಳೆತ ಹಲಗೆ ಮುರಿದು ತೊಡೆಯವರೆಗೆ ಕೆಳಗಿಳಿದು ಸಿಕ್ಕುಬಿದ್ದಿತ್ತು. ಮೊಬೈಲು ಹೊಳೆ ಪಾಲಾಗಿತ್ತು. ಕೂತಲ್ಲೇ ಕೂತ ಆಕೆಯ ಎದೆಮಟ್ಟಕ್ಕೆ ನೀರು ಬಂದಿತ್ತು.

ರಮಾಬಾಯಿ ದಂಡೆಯಲ್ಲಿ ನಿಂತುಬಿಟ್ಟಳು. ಒಂದು ಕ್ಷಣ, ಖರೇ ಹೇಳಬೇಕೆಂದರೆ ಒಂದಕ್ಕಿಂತ ಹೆಚ್ಚು, ಆಕೆ ಹಾಗೇ ನಿಂತಿದ್ದಳು.

"ಬರಬ್ಯಾಡ್ರಿ, ಯಾರನರ ಕರೀರಿ!" ಎಂದಳು ಮೇಘಾ.

ಅದನ್ನು ಕೇಳಿದ ಮೇಲೆ ಆಕೆಗೆ ನಿಲ್ಲಲಾಗಲಿಲ್ಲ. ಸೀರೆ ಮೇಲೆ ಕಟ್ಟಿ, ಮಂಡಿಯೂರಿ, ಹಲಗೆಯನ್ನು ಕೈಯಿಂದ ತಡವುತ್ತ ಹೋದಳು. ಎಳೆದರೆ ಮೇಘಾ ಚೀರಿದಳು. ಮುರಿದ ಹಲಗೆಯ ಮೊಳೆ ತೊಡೆಗೆ ನಾಟಿತ್ತು. ರಮಾಬಾಯಿ ಬಾಯಿ ಮುಚ್ಚಿ ತಲೆಯನ್ನೇ ನೀರಿನೊಳಗೆ ಹಾಕಿದಳು. ಕತ್ತಲೆ, ಕೆಸರಿನ ವಾಸನೆ. ಹಲಗೆ ಅಲ್ಲಾಡಲಿಲ್ಲ. ಮೇಲೆದ್ದರೆ ನಾಲ್ಕು ಮಾರು ದೂರದಲ್ಲಿ ಕರಿಯ ತಲೆಯೊಂದು ನೀರು ಸೀಳುತ್ತ ಬರುತ್ತಿತ್ತು.

"ಮೊಸಳಿ!"

"ಉಡಾ ಇರಬೇಕ್ರಿ," ಅಂದಳು ಮೇಘಾ, ಹಲ್ಲು ಕಟಕಟಿಸುತ್ತ. ಉಡವೇ. ಆದರೆ ಕರುವಿನಷ್ಟು ಉದ್ದ. ನಾಲಿಗೆ ಚಾಚಿ ಇಬ್ಬರನ್ನೂ ನೋಡಿ ಆಚೆ ಹೋಯಿತು. ನೀರು ಮೇಘಾಳ ಕೊರಳಿಗೆ ಬಂತು.

ರಮಾಬಾಯಿ ಸೊಸೆಯ ಗದ್ದವನ್ನು ಅಂಗೈಯಿಂದ ಮೇಲೆತ್ತಿ ಹಿಡಿದು ಕೂಗತೊಡಗಿದಳು. "ಯಾರರ ಬರ್ರೋ ಯಪ್ಪಾ! ಕೂಸು ಸಾಯಾಕತ್ತೈತೋ!" ಅಲ್ಲಿ ಕನ್ನಡ ಯಾರಿಗೆ ಬರಬೇಕು? ಆದರೆ ಆ ಕೂಗಿಗೆ ಭಾಷೆ ಬೇಕಿರಲಿಲ್ಲ. ಆವಿಗೆಯ ಆಚೆಯಿಂದ ಮುದುಕನೊಬ್ಬ ಸಣ್ಣ ದೋಣಿ ಹೊಡೆದುಕೊಂಡು ಬಂದ. ನೋಡಿದವನೇ ದೋಣಿಯೊಳಗಿನ ಕಬ್ಬಿಣದ ಹಾರೆ ತಗೊಂಡು ನೀರಿಗಿಳಿದು, ಒಂದು, ಎರಡು, ಮೂರನೆಯ ಮೀಟಿಗೆ ಹಲಗೆ ಎಬ್ಬಿಸಿದ. ಮೇಘಾಳನ್ನು ದೋಣಿಗೆ ಎತ್ತಿಹಾಕಿದಾಗ ರಕ್ತ ಹರಿದು ದೋಣಿಯ ತಳವೆಲ್ಲ ಕೆಂಪಾಯಿತು.

ಮುದುಕ ಅವರನ್ನು ತನ್ನ ಮನೆಗೆ ಒಯ್ದ. ಅವನ ಮಗಳು ಗಾಯಕ್ಕೆ ಬಟ್ಟೆ ಕಟ್ಟಿ, ನೀರು ಏರಿದ್ದು ಏಕೆಂದು ಫೋನಿನಲ್ಲಿ ಇಂಗ್ಲಿಷ್ ಮಾಡಿ ತೋರಿಸಿದಳು. ಮೇಘಾ ಓದಿ ಹೇಳಿದಳು: "ಹುಣ್ಣಿವಿಗೆ ಸಮುದ್ರ ಉಬ್ಬಿ ಹೊಳಿನ ಹಿಂದಕ್ಕ ದಬ್ಬತೈತಂತ್ರಿ. ಈ ತಿಂಗಳದಾಗ ವರ್ಷಾ ಹಿಂಗ. ಮೂರು ತಾಸಿಗೆ ಇಳಿತೈತಂತ."

"ಮೂರು ತಾಸು," ಅಂದಳು ರಮಾಬಾಯಿ. ಕೊಟ್ಟ ಚಹಾ ಅರ್ಧ ಸೀರೆಯ ಮೇಲೇ ಚೆಲ್ಲಿತು.

ದವಾಖಾನಿಗೆಂದು ಮತ್ತೆ ಹೊಳೆ ದಾಟಬೇಕಾಯಿತು. ಈ ಸಲ ರಮಾಬಾಯಿ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಆ ಕರಿ ತಲೆ ಕಾಣುತ್ತಿತ್ತು. ನೀರನ್ನೇ ದಿಟ್ಟಿಸುತ್ತ ಸೊಸೆಯ ಮುಂಗೈ ಹಿಡಿದು ಕೂತಿದ್ದಳು.

"ಕೈ ನೋಯಾಕತ್ತೈತ್ರಿ, ಅತ್ಯಾರ," ಅಂದಳು ಮೇಘಾ ಮೆಲ್ಲಗೆ.

"ನೋಯ್ಲಿ," ಅಂದಳು ರಮಾಬಾಯಿ.