ಕೆಳಗಿನ ಮನೆಗೆ ಇನ್ನೊಂದು ಹಸಿರು ಗುರುತು

ಬೇಲೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಯಾರೂ ಮೊದಲು ಕೇಳುವುದಿಲ್ಲ. ಮೊದಲು ಊರು, ಆಮೇಲೆ ಅಪ್ಪನ ಹೆಸರು, ಅದೂ ಸಾಲದಿದ್ದರೆ ನಗುನಗುತ್ತಾ, ಅಂದ್ರೆ ನೀವು ಯಾರ ಪೈಕಿ? ನನ್ನೂರು ಹಾರನಹಳ್ಳಿ. ಅಲ್ಲಿಯವರೆಗೆ ಮುಖಗಳು ಅರಳಿರುತ್ತವೆ. ಅಪ್ಪ ಗಿಡ್ಡಯ್ಯ ಎಂದ ಕೂಡಲೇ ನಮ್ಮದು ಯಾವ ಕೇರಿ ಎಂದು ಅವರಿಗೆ ತಿಳಿದುಹೋಗುತ್ತದೆ. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದ ಮನೆಗೆ ಅದೇ ಗಳಿಗೆಯಲ್ಲಿ ಒಬ್ಬ ಅಣ್ಣನ ಮಗ ಹುಟ್ಟಿಕೊಳ್ಳುತ್ತಾನೆ.

ನಾನು ಧನುಶ್ರೀ, ಹಗರೆಗೆ ಹೊಸದಾಗಿ ವರ್ಗವಾಗಿ ಬಂದ ಪಶುವೈದ್ಯೆ. ಈ ಸೀಮೆಯ ಕೊಟ್ಟಿಗೆಗಳಲ್ಲಿ ನನ್ನ ತೋಳು ಮೊಣಕೈ ದಾಟಿ ಹಸುವಿನ ಒಳಗೆ ಹೋಗಬಹುದು, ಕಾಲು ಮಾತ್ರ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ನನ್ನದು ಹೇಗೋ ನಡೆಯುತ್ತಿತ್ತು, ಬಿಡಿ. ಕಷ್ಟ ಅಮ್ಮನದು. ಮಂಡಿನೋವು, ಸಕ್ಕರೆ ಕಾಯಿಲೆ ಎರಡೂ ಇರುವ ಮುತ್ತಮ್ಮ ಬೇಲೂರಿನ ಲಾಡ್ಜೊಂದರ ಮೂರನೇ ಮಹಡಿಯಲ್ಲಿ ಹೋಟೆಲಿನ ಅನ್ನ ತಿಂದುಕೊಂಡು ಕೂತಿದ್ದಳು. ಮೆಟ್ಟಿಲು ಹತ್ತದ ಒಂದು ಮನೆ, ಮುದ್ದೆ ತಿರುವಲು ಒಂದು ಒಲೆ, ಅವಳಿಗೆ ಬೇಕಿದ್ದದ್ದು ಅಷ್ಟೇ.

ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯ ಗಾಜಿನ ಮೇಲೆ ‘ಮನೆಗುರುತು’ ಎಂಬ ಆ್ಯಪಿನ ಜಾಹೀರಾತು ಅಂಟಿಸಿದ್ದರು. ಹೆಸರು ಹೇಳಬೇಕಿಲ್ಲ, ಮುಖ ತೋರಿಸಬೇಕಿಲ್ಲ. ಸರ್ಕಾರದ ಡಿಜಿಟಲ್ ಸಹಿ ಇರುವ ಕಾಗದಗಳು ನಮ್ಮ ಫೋನಿನಲ್ಲೇ ಇರುತ್ತವೆ. ಫೋನು ಅದೇನೋ ಗೂಢಲಿಪಿಯ ಗಣಿತ ಮಾಡಿ, ಮನೆ ಮಾಲೀಕರಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಸಾಬೀತು ಮಾಡುತ್ತದೆ. ಮೊಹರು ಅಸಲಿ ಎಂದು ಅವರಿಗೆ ಗೊತ್ತಾಗುತ್ತದೆ, ಲಕೋಟೆಯೊಳಗಿನ ಕಾಗದ ಕಾಣುವುದಿಲ್ಲ. ಎರಡೂ ಕಡೆಯ ಹೆಸರು ತಿಳಿಯುವುದು ಒಪ್ಪಂದವಾದ ಮೇಲಷ್ಟೇ. ನನಗೆ ಕುಣಿಯುವಷ್ಟು ಖುಷಿಯಾಯಿತು. ‘ಯಾರ ಪೈಕಿ’ಯನ್ನು ಕೊನೆಗೂ ಗಣಿತ ಸೋಲಿಸಿತು ಎಂದುಕೊಂಡೆ. ಎಂಥ ಪೆದ್ದಿ ನಾನು!

ಹಗರೆಯಲ್ಲೇ ಒಂದು ಮನೆ ಸಿಕ್ಕಿತು. ಮಾಲೀಕರು ಮೇಲೆ, ಬಾಡಿಗೆಯವರು ಕೆಳಗೆ. ನನ್ನ ಸರ್ಕಾರಿ ನೌಕರಿಗೆ ಹಸಿರು ಗುರುತು ಬಂತು, ಸಂಬಳಕ್ಕೆ ಹಸಿರು, ಪೊಲೀಸ್ ಕೇಸಿಲ್ಲ ಎನ್ನುವುದಕ್ಕೂ ಹಸಿರು. ಹೆಸರಿಲ್ಲದ ಮಾಲೀಕರು ಸಂತೋಷವಾಯಿತೆಂದು ಬರೆದರು. ಮಾರನೇ ದಿನ ಮನೆದೇವರು ಯಾವುದೆಂದು ವಿಚಾರಿಸಿದರು. ದೇವರು ನಮ್ಮ ಜೊತೆ ಬರುತ್ತಿಲ್ಲ, ಬರುವುದು ತಾಯಿ ಮಗಳು ಇಬ್ಬರೇ ಎಂದು ಬರೆದೆ. ಬಾಡೂಟದ ಸುಳಿವು ಹಿಡಿಯಲು, ಯುಗಾದಿಯ ಮಾರನೇ ದಿನ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಹಬ್ಬದ ಪಾತ್ರೆ ತೊಳೆಯುತ್ತೇವೆ ಎಂದೆ. ಆಮೇಲೆ ಅತ್ತ ಕಡೆಯಿಂದ ಸದ್ದೇ ಇಲ್ಲ.

ಶನಿವಾರ, ಕೆಲಸಕ್ಕೆ ಸೇರಿದ ಕಾಗದದ ನಕಲು ಮಾಡಿಸಲು ಅದೇ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಚಿದಂಬರ ಆ ಆ್ಯಪಿನ ಏಜೆಂಟ್ ಕೂಡ. ಬಿಳಿ ಷರಟಿನ ಹಿರಿಯರೊಬ್ಬರು ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತರು. ಬನ್ನಿ ಮರುಳಪ್ಪಣ್ಣ, ಅರಸೀಕೆರೆಯಲ್ಲಿ ಕೊಬ್ಬರಿ ರೇಟು ಹೇಗಿದೆ ಎಂದು ಚಿದಂಬರ ಮಾತಾಡಿಸಿದ. ಮರುಳಪ್ಪನವರಿಗೆ ಕೊಬ್ಬರಿಯ ಚಿಂತೆ ಇರಲಿಲ್ಲ.

“ಪಾರ್ಟಿ ಬಂಗಾರದಂಗೈತೆ ಕಣೋ. ಕೆಲ್ಸ ಹಸಿರು, ಸಂಬಳ ಹಸಿರು, ಎಲ್ಲಾ ಹಸಿರು. ಇನ್ನೊಂದೇ ಒಂದು ಹಸಿರು ಹಾಕಿಸ್ಕೊಡು. ನಮ್ಮೋರೇ ಅಂತ.”

ಹಗರೆಯ ಕೆಳಗಿನ ಮನೆ, ಹಬ್ಬದ ಪಾತ್ರೆ ಎಂದೆಲ್ಲ ಅವರೇ ವರ್ಣಿಸಿದ ಮೇಲೆ ಈ ಬಂಗಾರ ನಾನೇ ಎಂದು ನನಗೆ ಖಾತ್ರಿಯಾಯಿತು. ಜಾತಿ ಕೇಳುವ ಹಾಗಿಲ್ಲ ಎಂದು ಚಿದಂಬರ ತಲೆ ಕೆರೆದುಕೊಂಡ.

“ಜಾತಿ ಯಾರ್ಲಾ ಕೇಳ್ದೋರು? ಅವರ ಜಾತಿ ನಂಗೆ ಗೊತ್ತಾಗೋದೇ ಬೇಡ. ಹಸಿರು ಬಂದ್ರೆ ಸಾಕು. ಬರ್ಲಿಲ್ಲ ಅಂದ್ರೆ ಅವರ್ಯಾರೋ ನಾನ್ಯಾರೋ. ಪಾಪ, ಅವರಿಗೂ ಬೇಜಾರಿಲ್ಲ.”

ಇಷ್ಟು ಹೇಳಿ, ಇದರಲ್ಲೇನಾದರೂ ತಪ್ಪಿದೆಯೇ ಎಂಬಂತೆ ನನ್ನ ಕಡೆ ನೋಡಿದರು. ನಾನು ಝೆರಾಕ್ಸ್ ಮಿಷಿನ್ನು ನೋಡುತ್ತಾ ಕೂತೆ.

ಚಿದಂಬರ ಕಂಪನಿಗೆ ಫೋನ್ ಮಾಡಿದ. ಅಲ್ಲಿಯ ಹುಡುಗಿ ಬಹಳ ವಿನಯದಿಂದ ವಿವರಿಸಿದಳಂತೆ. ನಿಮ್ಮ ಜಾತಿ ಯಾವುದು ಎಂದು ಕೇಳುವುದು ನಿಯಮಕ್ಕೆ ವಿರುದ್ಧ. ನಿಮ್ಮದೂ ನಮ್ಮದೂ ಒಂದೇನಾ ಎಂದು ಕೇಳಬಹುದು, ಯಾಕೆಂದರೆ ಉತ್ತರದಲ್ಲಿ ಯಾವ ಜಾತಿಯ ಹೆಸರೂ ಬರುವುದಿಲ್ಲ. ಮರುಳಪ್ಪನವರು ತಮ್ಮ ಜಾತಿ ಪತ್ರವನ್ನು ಫೋನಿಗೆ ಹಾಕಿಸಿಕೊಂಡರು. ನನ್ನದು ಮೊದಲೇ ನನ್ನ ಫೋನಿನ ಕಾಗದಗಳಲ್ಲಿತ್ತು. ನನ್ನ ಕೈಯಲ್ಲಿದ್ದ ಫೋನು ಒಮ್ಮೆ ನಡುಗಿ, ಆ್ಯಪಿನ ಸಂದೇಶ ಬಂತು. ಮಾಲೀಕರು ಇನ್ನೊಂದು ಪುರಾವೆ ಕೇಳಿದ್ದಾರೆ, ಒಪ್ಪುವಿರಾ? ನಿಮ್ಮ ಗೌಪ್ಯತೆ ನಮ್ಮ ಹೊಣೆ.

ಒಪ್ಪಿದರೆ ಉತ್ತರ, ಒಪ್ಪದಿದ್ದರೆ ಅದೂ ಉತ್ತರವೇ. ಆಗಿದ್ದಾಗಲಿ ಎಂದು ಒಪ್ಪಿಗೆ ಒತ್ತಿದೆ. ಎರಡು ಮೊಳ ದೂರದಲ್ಲಿ ಮರುಳಪ್ಪನವರ ಫೋನು ಕೆಂಪಾಯಿತು.

ಅವರು ನಿರಾಳವಾಗಿ ಉಸಿರು ಬಿಟ್ಟರು. ಎಷ್ಟು ನಾಜೂಕಾಗಿ ಮುಗಿಯಿತು, ಒಂದು ಕೆಟ್ಟ ಮಾತಿಲ್ಲ ಎಂದು ಆ್ಯಪನ್ನು ಹೊಗಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮೇಡಂ ಊರಿಗೆ ಹೊಸಬ್ರ ಥರ ಕಾಣ್ತೀರಿ. ಮನೆಗಿನೆ ಬೇಕಿತ್ತಾ? ನಿಮಗೆ ಈ ಆ್ಯಪು ಗೀಪು ಏನೂ ಬೇಡ. ಮುಖ ನೋಡಿದ್ರೇ ಗೊತ್ತಾಗ್ತೈತೆ, ಒಳ್ಳೆ ಮನೆತನದೋರು ಅಂತ.”

ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಬಾಯಿ ಮುಚ್ಚಿಕೊಂಡು ಹೂಂ ಅಂದಿದ್ದರೆ ಸಂಜೆಗೆ ಅಮ್ಮ ಆ ಅಡುಗೆಮನೆಯಲ್ಲಿ ಹಿಟ್ಟಿಗೆ ಎಸರಿಡುತ್ತಿದ್ದಳು. ಆದರೆ ಈ ಮುಖವನ್ನು ಅವರ ಮಹಡಿಯ ಕೆಳಗೆ ದಿನವೂ ಒಳ್ಳೆ ಮನೆತನದ ಹಾಗೆ ಇಟ್ಟುಕೊಂಡು ಓಡಾಡುವುದು ನನ್ನಿಂದಾಗದು.

“ಬೇಕಿತ್ತು ಸಾರ್,” ಎಂದೆ. “ನಾನು ಧನುಶ್ರೀ, ಹಾರನಹಳ್ಳಿ ಗಿಡ್ಡಯ್ಯನ ಮಗಳು. ಈಗ ಬಂತಲ್ಲ ಕೆಂಪು, ಅದು ನಂದೇ.”

ನನ್ನ ಫೋನನ್ನು ಅವರ ಮುಂದೆ ಹಿಡಿದೆ. ಅಲ್ಲೂ ಅದೇ ಕೆಂಪು ಇತ್ತು. ಚಿದಂಬರ ತಲೆ ತಗ್ಗಿಸಿ, ಜೋಡಿಸಿಟ್ಟ ಕಾಗದಗಳನ್ನೇ ಮತ್ತೆ ಜೋಡಿಸತೊಡಗಿದ. ಮರುಳಪ್ಪನವರು ನನ್ನ ಮುಖ ನೋಡಿದರು, ಫೋನು ನೋಡಿದರು, ಮತ್ತೆ ಮುಖ ನೋಡಿದರು. ಕೊನೆಗೆ ಚಿದಂಬರನ ಕಡೆ ಬಾಗಿ ಮೆತ್ತಗೆ ಹೇಳಿದರು.

“ಈ ಆ್ಯಪಲ್ಲೇ ಏನೋ ತಪ್ಪೈತೆ ಕಣೋ. ಇನ್ನೊಂದ್ಸಲ ಹಾಕಿ ನೋಡು.”

ಚಿದಂಬರ ಹಾಕಿದ. ನಾನೂ ಇನ್ನೊಂದು ಸಲ ಒತ್ತಿದೆ. ಕೆಂಪೇ ಬಂತು. ಮರುಳಪ್ಪನವರು ಎದ್ದು, ಹಗರೆ ಕಡೆಯ ಬಸ್ಸು ಬಂತೇನೋ ಎಂದು ರಸ್ತೆ ನೋಡುತ್ತಾ ನಿಂತರು.

ಅಮ್ಮನಿಗೆ ಫೋನ್ ಮಾಡಿದೆ. ಮನೆ ಸಿಕ್ತಾ ಎಂದು ಕೇಳಿದಳು.

“ಇಲ್ಲ ಕಣವ್ವ,” ಎಂದೆ. “ಈ ಸಲ ಲೆಕ್ಕ ಹಾಕಿಸಿ ಇಲ್ಲ ಅಂದ್ರು.”